ಮೂರನೆಯ ಕೀಲಿಕೈ

ನಮ್ಮದೇನು ದೊಡ್ಡ ಸಂಸ್ಥೆಯಲ್ಲ.
ರುಂಫಿ ಪೇಟೆಯಲ್ಲಿ ದರ್ಜಿಯಂಗಡಿಯ ಹಿಂದೆ ಒಂದು ಕೋಣೆ,
ಮೂರು ಜನ, ಒಂದು ಮೋಟಾರ್ ಸೈಕಲ್ಲು.
ನಾನು ಕಿಕ್ಕರ್ ತುಳಿಯುವಾಗೆಲ್ಲ
ದರ್ಜಿ ಸೂಜಿ ನಿಲ್ಲಿಸಿ ಕೇಳುತ್ತಾನೆ,
"ಲುಸುಂಗು, ಇವತ್ತು ಗುಡ್ಡ ಹತ್ತೀತೇನು?"

ಬಾವಿ ತೋಡಿಸುವಷ್ಟು ದುಡ್ಡು ನಮ್ಮಲ್ಲಿಲ್ಲ.
ಶಾಲೆಯ ಗೋಡೆಗೆ ಹೆಸರು ಕೆತ್ತಿಸುವವರೂ ಅಲ್ಲ.
ಊರಿಗೊಂದು ತಗಡಿನ ಪೆಟ್ಟಿಗೆ ಕೊಡುತ್ತೇವೆ,
ಮೂರು ಬೀಗ, ಒಂದು ಲೆಕ್ಕದ ಪುಸ್ತಕ.
ದುಡ್ಡು ಅವರದು.
ನಾವು ಕೊಡುವುದು
ಪೆಟ್ಟಿಗೆಯೊಳಗಿನ ಖಾಲಿ ಜಾಗ.

ಆ ಗುಡ್ಡದೂರಿನಲ್ಲಿ ಹನ್ನೆರಡು ಹೆಂಗಸರು.
ಎನೆಲೆಸಿಯ ಕೀಲಿ ಜೋಳದ ಹಿಟ್ಟಿನ ಗಡಿಗೆಯಲ್ಲಿ,
ಫಾಲೆಸಿಯದು ಎಲ್ಲಿ ಎಂದು ಗಂಡನಿಗೂ ಗೊತ್ತಿಲ್ಲ,
ಡೊಲೊಫಿನಾಳದು ಸೊಂಟದ ದಾರದಲ್ಲಿ,
ನಡೆದರೆ ಚಿತೆಂಜೆಯ ಒಳಗೆ ಸಣ್ಣಗೆ ಕಿಣಿಕಿಣಿ.
ಬೀಗದ ಜೊತೆ ಬಂದ ಜೋಡಿ ಕೀಲಿಗಳನ್ನು
ಮೊದಲ ದಿನವೇ ಕಲ್ಲಿನಿಂದ ಜಜ್ಜಿ ಹೊಳೆಗೆಸೆದಿದ್ದರು.
ಕಚೇರಿಯ ಮೊಳೆಗೆ ನೇತುಹಾಕುತ್ತೇನೆ ಅಂದಿದ್ದೆ ನಾನು.
"ನಿನ್ನ ಮೇಲೆ ನಂಬಿಕೆ ಇದೆ ಮಗಳೇ,
ನಿನ್ನ ಮೊಳೆಯ ಮೇಲೆ ಇಲ್ಲ" ಅಂದಿದ್ದಳು
ಅದೇ ಡೊಲೊಫಿನಾ.

ನವೆಂಬರಿನಲ್ಲಿ ಅವಳು ಹೋದಳು.
ಮೈ ತೊಳೆದವರು ದಾರ ನೋಡಿದ್ದರು,
ಕೀಲಿಯನ್ನೂ ನೋಡಿದ್ದರು.
ಅದು ಅವಳ ಮೈಯ ಭಾಗವೇ ಅನ್ನುವಷ್ಟು
ರೂಢಿಯಾಗಿಬಿಟ್ಟಿತ್ತು ಕಣ್ಣಿಗೆ.
ಮಣ್ಣು ಮುಚ್ಚಿ ಮೂರನೆಯ ದಿನ
ನ್ಸಿಮಾ ತಿರುವುತ್ತಿದ್ದ ಎನೆಲೆಸಿ
ಸೌಟು ಹಿಡಿದೇ ನಿಂತುಬಿಟ್ಟಳಂತೆ.

ನಾನು ಗುರುವಾರ ಹೋದೆ.
ಮಾವಿನ ಮರದ ಕೆಳಗೆ ಪೆಟ್ಟಿಗೆ,
ಒಳಗೆ ಒಂದು ವರ್ಷದ ಉಳಿತಾಯ,
ಆಕಾಶದಲ್ಲಿ ಬಿತ್ತನೆಯ ಮೋಡ.
ಗೊಬ್ಬರದ ಲಾರಿ ಸೋಮವಾರ ಬರುತ್ತದೆ, ಕಾಯುವುದಿಲ್ಲ.
ನಿಯಮದ ಪುಸ್ತಕ ಓದಿದೆ:
ಕೀಲಿ ಕಳೆದರೆ ಬೀಗ ಕತ್ತರಿಸತಕ್ಕದ್ದು.
ಗರಗಸವನ್ನೂ ತಂದಿದ್ದೆ.

ಯಾರೂ ಏಳಲಿಲ್ಲ.
"ಕಳೆದಿಲ್ಲವಲ್ಲ," ಅಂದಳು ಫಾಲೆಸಿ,
"ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು."

ಆಮೇಲೆ ಅರ್ಥವಾಯಿತು, ತಡವಾಗಿ,
ಸಂಬಳದವರಿಗೆ ಅರ್ಥವಾಗುವ ಹಾಗೆ.
ಪೆಟ್ಟಿಗೆ ತೆರೆದರೆ ಪುಸ್ತಕ ತೆರೆಯಬೇಕು,
ಬಾಕಿದಾರರ ಹೆಸರು ಗಟ್ಟಿಯಾಗಿ ಓದಬೇಕು.
ಒಣ ಉಸಿಪಾ ಮೀನು ಮಾರುವುದಕ್ಕೆಂದು
ಡೊಲೊಫಿನಾ ತೆಗೆದ ಸಾಲ ಹದಿನೆಂಟು ಸಾವಿರ ಕ್ವಾಚಾ.
ಹಸಿ ಗೋರಿಯ ಮಣ್ಣು ಇನ್ನೂ ಕುಸಿದು ಕೂತಿಲ್ಲ,
ಆ ಹೆಸರಿನ ಮುಂದೆ ಬಾಕಿ ಅಂತ
ಓದುವ ನಾಲಿಗೆ ಯಾವುದು?

ಒಬ್ಬಳು ತಟ್ಟೆ ಇಟ್ಟಳು.
ಯಾರೂ ಏನೂ ಹೇಳಲಿಲ್ಲ, ಸೆರಗಿನ ಗಂಟುಗಳು ಬಿಚ್ಚಿದವು.
ಉಪ್ಪಿನ ದುಡ್ಡು, ಸೋಪಿನ ದುಡ್ಡು,
ಯಾರದೋ ಮಗುವಿನ ಪೆನ್ಸಿಲ್ಲಿನದು.
ಎಣಿಸಿದರೆ ಹದಿನೆಂಟು ಸಾವಿರದ ಇನ್ನೂರು.
ಹೆಚ್ಚಾದ ಇನ್ನೂರು ಯಾರಿಗೆ ಸೇರಬೇಕೆಂದು
ಮತ್ತೆ ಅರ್ಧ ಗಂಟೆ ಜಗಳ,
ಅದರಲ್ಲಿ ಇಬ್ಬರು ಮಾತು ಬಿಟ್ಟರು.

ಬೀಗಕ್ಕೆ ಗರಗಸ ಹಿಡಿದವಳು
ಡೊಲೊಫಿನಾಳ ಮೊಮ್ಮಗಳು ಟಿಯಮಿಕೆ.
ಹದಿನಾರರ ತೋಳು, ಅಜ್ಜಿಯದೇ ಅವಸರ;
ಅಲಗು ಜಾರಿ ಹೆಬ್ಬೆರಳು ಗೀರಿತು,
ಚೀಪಿಕೊಂಡಳು, ಮತ್ತೆ ಎಳೆದಳು.
ಕಬ್ಬಿಣದ ಹುಡಿ ಅವಳ ಮಡಿಲಲ್ಲಿ ಮಿನುಗಿತು.
ಪುಸ್ತಕ ತೆರೆದರು. ಏಳನೆಯ ಸಾಲು:
ಡೊಲೊಫಿನಾ ಮ್ಸೋವೊಯ, ಬಾಕಿ ಇಲ್ಲ.
ಓದಿದವಳ ದನಿ ನಡುಗಲಿಲ್ಲ.
ನಡುಗಿದ್ದು ನಾನು ಹಿಡಿದಿದ್ದ ಪೆನ್ನು.

ಈಗ ರಾತ್ರಿ, ದರ್ಜಿ ಬಾಗಿಲೆಳೆದು ಹೋಗಿದ್ದಾನೆ.
ದೂರದ ದಾನಿಗಳಿಗೆ ತಿಂಗಳ ವರದಿ ಬರೆಯುತ್ತಿದ್ದೇನೆ.
ಹಾಳಾದ ಸಾಮಾನು: ಬೀಗ, ಒಂದು.
ಕಾರಣದ ಅಂಕಣ ಎರಡು ಬೆರಳಿನಗಲ.
ಕೀಲಿ ಕಳೆದಿದೆ ಅಂತ ಬರೆದೆ,
ಹೊಡೆದು ಹಾಕಿದೆ.
ಕೀಲಿ ಊರಲ್ಲೇ ಇದೆ
ಅಂತ ಬರೆದೆ.