ನಾಲ್ಕು ಬೆರಳು ಕಮ್ಮಿ

ಅಮಾಸಿಗೊಮ್ಮೆ ನಮ್ಮತ್ತಿ ಗಾಳೆವ್ವ ಹಗ್ಗ ತರತಾಳ.
ಮುಂಗಾಲ ಹಿಂದ, ಹಿಣಿಲಿನ ಹಿಂದ ಬಳಸಿ
ಮಣಕದ ಎದೀಸುತ್ತ ಎಳದು ಒಂದು ಗಂಟು.
ಯುಗಾದಿ ಗಂಟಿಗೂ ಕಾರಹುಣ್ಣಿವಿ ಗಂಟಿಗೂ
ನಡುವ ಒಂದು ಉಗುರಿನಷ್ಟೂ ಜಾಗ ಇರಲಿಲ್ಲ;
ಆವಾಗ ಗುಡ್ಡದಾಗ ಬರೇ ಕಲ್ಲು ಮೂಸಿ ಬರತಿತ್ತು.

ಮಳಿ ಬಿದ್ದು ಕಪ್ಪತಗುಡ್ಡದ ಹುಲ್ಲು ಎದ್ದಮ್ಯಾಲ
ಒಂದು ಬೆರಳು, ಎರಡು ಬೆರಳು, ಅರ್ಧ ಗೇಣು.
ಈಗ ಹುಲ್ಲು ಬಲಿತು ಬೂದಿಬಣ್ಣಕ್ಕ ತಿರುಗೈತಿ.
ಹೊಟ್ಟಿ ತುಂಬತೈತಿ, ಮೈ ತುಂಬಂಗಿಲ್ಲ.
ಅದಕ್ಕ ಸಂಜೀಕ ನೆನಸಿದ ಹತ್ತಿಕಾಳು,
ಶೇಂಗಾ ಹೊಟ್ಟು, ಚಿಟಿಕಿ ಉಪ್ಪು.

"ಹೆಚ್ಚಿಗಿ ಸುರೀಬ್ಯಾಡ," ಅಂತಾಳ ನನಗ,
"ಕೊಬ್ಬಿದ್ದು ಗಬ್ಬ ನಿಲ್ಲಂಗಿಲ್ಲ,
ಹಸದದ್ದು ಬೆದಿಗೇ ಬರಂಗಿಲ್ಲ."

ಮೊನ್ನೆ ಅದು ಗ್ವಾದ್ಲಿ ಬಿಟ್ಟು ರಾತ್ರಿಪೂರ್ತಿ ಒದರಿತು.
ಮುಂಜಾನೆ ಗೂಳಿ ಸಾಕಿದ ದಾವಲಸಾಬ ಬಂದು ನಿಂತ:
"ತಾನಽ ಕರಿಯಾಕತ್ತೈತಿ, ಇನ್ನೇನು ನೋಡ್ತಿ?"
ಅತ್ತಿ ಹಗ್ಗ ಹಿರದಳು.
ಇದರವ್ವನ ಎದೀದೊಂದು ಹಳೇ ಗಂಟು ಐತಿ ಅದರಾಗ.
ಅಲ್ಲಿಗೆ ಇನ್ನ ನಾಲ್ಕು ಬೆರಳು.
"ಒದರೂದು ಬ್ಯಾರೆ, ಹೊರೂದು ಬ್ಯಾರೆ."

ಹಗ್ಗ ಸುತ್ತತಾ ನಾ ಕೇಳಿದೆ,
ಅತ್ತಿ, ನಿಮಗ ಲಗ್ನ ಆದಾಗ ಎಷ್ಟು ವರ್ಷ?
"ಯಾರು ಅಳದಿದ್ರು?
ಮೊದಲಿಂದು ಉಳೀಲಿಲ್ಲ."
ಇಷ್ಟಽ ಅಂದು, ಬುಟ್ಟಿಯಾಗ ಕೈ ಆಡಿಸಿ
ನೆನದಾವೇನಂತ ಒಂದು ಕಾಳು ಹಿಚುಕಿದಳು.

ಇಪ್ಪತ್ತೊಂದು ದಿನಕ್ಕ ಮತ್ತ ಒದರತೈತಿ.
ಒದರಲಿ.
ಗುಡ್ಡದ ಮ್ಯಾಲ ಗಾಳಿ ಫ್ಯಾನು ತಿರಗತಾವ,
ದಾವಲಸಾಬನ ಗೂಳಿ ಎಲ್ಲಿಗೂ ಹೋಗಂಗಿಲ್ಲ.