ಹಿಂದಿನ ಗೋಡೆ

ಈ ಮನೆಗೆ ಗೋಡೆ ಮೂರೇ.
ನಾಲ್ಕನೆಯದು ಬಂಡೆ.
ಸಣಾಪುರದ ಗೌಂಡಿ ಇಟ್ಟಿಗೆ ಉಳಿಸಿದನೋ,
ತನಗಿಂತ ಮೊದಲು ಬಂದು ಕೂತದ್ದೆಂದು
ಬಂಡೆಗೆ ಮರ್ಯಾದೆ ಕೊಟ್ಟನೋ,
ಕೇಳಿದರೆ ಇಷ್ಟೇ ಅಂದ:
"ಇದಕ್ಕ ಸುಣ್ಣ ಹಚ್ಚಬ್ಯಾಡ್ರಿ, ನಿಲ್ಲಂಗಿಲ್ಲ."

ಬಳ್ಳಾರಿಯಿಂದ ಬಂದದ್ದು ಒಂದು ಟಾಟಾ ಏಸಿನಷ್ಟು ಸಾಮಾನು.
ಟ್ರಂಕು ಎರಡು, ಮಂಚ, ನೀರಿನ ಡ್ರಮ್ಮು,
ನನ್ನ ಮಡಿಲಲ್ಲಿ ಕಾಲ್ಮಷಿನ್ನಿನ ತಲೆ
ಹಳೇ ಸೀರೆಯಲ್ಲಿ ಸುತ್ತಿಕೊಂಡು.
ಗಾದಿಲಿಂಗಪ್ಪ ಕಂಪ್ಲಿ ದಾಟುವ ತನಕ ಗೊಣಗಿದ:
"ಮಾರಿಬಿಡಾನ ಅಂದ್ರೆ ಕೇಳಲಿಲ್ಲ ನೀನು.
ಅಲ್ಲಿ ಯಾರಿಗೆ ಹೊಲೀತೀ, ಕೋತಿಗಳಿಗಾ?"

ಇಪ್ಪತ್ತಾರು ವರ್ಷ ಕೌಲ್ ಬಜಾರಿನಲ್ಲಿ
ಜೀನ್ಸ್ ಪ್ಯಾಂಟಿನ ಬಲಗಾಲು ಮಾತ್ರ ಹೊಲಿದವಳು ನಾನು.
ಎಡಗಾಲು ಜೈನಾಬಿಯದು.
ಇಡೀ ಪ್ಯಾಂಟು ಹೇಗಿರುತ್ತದೆಂದು
ಸಿಟಿ ಬಸ್ಸಿನಲ್ಲಿ ಹುಡುಗರನ್ನು ನೋಡಿ ತಿಳಿದುಕೊಂಡೆವು.
ಬೆರಳ ಸಂದಿಯಲ್ಲಿ ನೀಲಿ. ಅನ್ನ ಕಲಸಿದರೂ ನೀಲಿ.
ಅವನೋ, ಅದಿರು ಲಾರಿಗಳ ತೂಕ ಬರೆಯುವವನು,
ಸೀನಿದರೆ ಕರ್ಚೀಫು ಕೆಂಪು.
ಎರಡು ಬಣ್ಣದಲ್ಲೇ ಸಂಸಾರ ಆಯಿತಲ್ಲ
ಎಂದು ನಗುತ್ತಿದ್ದೆವು, ಮೊದಮೊದಲು.

ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು
"ಗಾಳಿ ಬದಲಾದರೆ ಒಳ್ಳೇದು" ಎಂದರು.
ಚೀಟಿಯಲ್ಲಿ ಸಿರಪ್ಪು ಬರೆದರು,
ಗಾಳಿ ಬರೆಯಲಿಲ್ಲ.

ಮೊದಲ ರಾತ್ರಿ ಇಬ್ಬರಿಗೂ ನಿದ್ದೆಯಿಲ್ಲ.
ಸದ್ದಿರಲಿಲ್ಲ ಎಂದಲ್ಲ:
ಗದ್ದೆಯ ಕಪ್ಪೆ, ಯಾರದೋ ಪಂಪ್‌ಸೆಟ್ಟು, ಕಾಲುವೆಯ ತೂಬು,
ಗುಡ್ಡದ ಮೇಲಿಂದ ಒಂದು ಹಕ್ಕಿ
ಒಂದೇ ಪ್ರಶ್ನೆಯನ್ನು ಬೆಳತನಕ.
ಯಾವುದೂ ನಮ್ಮನ್ನು ಕರೆಯುವ ಸದ್ದಲ್ಲ.
ಏಳು, ಹೊತ್ತಾಯಿತು, ಅನ್ನುವ ಸದ್ದಲ್ಲ.
ಕಿವಿಯೊಳಗೆ ಮಾತ್ರ ನಲವತ್ತು ಮಷಿನ್ನು
ಕರೆಂಟು ಹೋದ ಮೇಲೂ ಓಡುತ್ತಿದ್ದವು.

ಮೂರನೇ ದಿನ ಹುಲಿಗೆವ್ವ ಬಂದಳು,
ಮಡಿಲ ತುಂಬ ಸೀತಾಫಲ.
"ಸಂಜಿ ಆದ ಮ್ಯಾಲೆ ಗುಡ್ಡದ ಕಡೆ ಹೋಗಬ್ಯಾಡ್ರಿ,
ಕರಡಿ ಇಳೀತಾವ. ಹಣ್ಣಿನ ದಿನ ನೋಡ್ರಿ."
ಹೇಳಿದ ಧಾಟಿ,
ನಾಳೆ ನಳ ಬರಲ್ಲ ಎಂದ ಹಾಗಿತ್ತು.

ಅವತ್ತೇ ಇರಬೇಕು, ಅಥವಾ ಮರುದಿನ,
ಬೆನ್ನು ಹಿಡಿದುಕೊಂಡು
ಹಿಂದಿನ ಗೋಡೆಗೆ ಒರಗಿ ಕೂತೆ.
ಬೆಚ್ಚಗಿತ್ತು.
ಹೊತ್ತು ಮುಳುಗಿ ತಾಸಾಗಿತ್ತು, ಬಂಡೆ ಇನ್ನೂ
ಹಗಲಿನ ಬಿಸಿಲನ್ನು ಚೂರು ಚೂರೇ ಬಿಡುತ್ತಿತ್ತು,
ಜಿಪುಣಿ ಅತ್ತೆ ಬೆಲ್ಲ ಕೊಟ್ಟ ಹಾಗೆ.
ಕತ್ತಿನ ಕೆಳಗೆ, ಬಗ್ಗಿ ಬಗ್ಗಿ ಗಂಟಾದ ಜಾಗಕ್ಕೆ
ಅದು ತಾನಾಗಿ ಬಂತು.
ಅವನನ್ನೂ ಕರೆದೆ. ಒರಗಿದ. ಏನೂ ಹೇಳಲಿಲ್ಲ.
ಕೆಮ್ಮಿದ ಎರಡು ಸಲ.
ಮೂರನೆಯದಕ್ಕೆ ಕಾದೆ.
ಬಂತು. ಸ್ವಲ್ಪ ತಡವಾಗಿ.

ಜೈನಾಬಿ ಫೋನಿನಲ್ಲಿ ನಕ್ಕಳು:
"ಏಪ್ರಿಲ್ ಬರಲಿ, ನಿನ್ನ ಬಂಡೆ ನಿಮ್ಮಿಬ್ಬರನ್ನೂ ರೊಟ್ಟಿ ಸುಡತದೆ."
ಹೊರಗೆ ಮಲಗ್ತೀವಿ ಬಿಡೇ, ಎಂದೆ.
"ಮತ್ತೆ ಕರಡಿ?"
ಅದನ್ನಿನ್ನೂ ಯೋಚಿಸಿಲ್ಲ.

ಇವತ್ತು ಹುಲಿಗೆವ್ವನ ಮೊಮ್ಮಗ ಯಮನೂರ
ಪ್ಯಾಂಟು ತಂದಿದ್ದಾನೆ. ಗಂಗಾವತಿ ಸಂತೆಯ ಜೀನ್ಸು,
ಹರಿಗೋಲಿನ ಅಂಚಿಗೆ ಸಿಕ್ಕಿ ಮೊಣಕಾಲು ಹರಿದಿದೆ.
ಮೊದಲು ಬಲಗಾಲನ್ನು ಒಳಮಗ್ಗುಲು ಮಾಡಿ ನೋಡಿದೆ.
ನನ್ನ ಹೊಲಿಗೆಯೋ, ಯಾರದೋ. ಗೊತ್ತಾಗಲಿಲ್ಲ.
ಹರಿದದ್ದು ಎಡಗಾಲು.

ದಾರ ಪೋಣಿಸಿ ಕಾಲಿಟ್ಟು ತುಳಿದೆ.
ಹುಡುಗ ಬಾಗಿಲಲ್ಲಿ ಒಂಟಿ ಚಡ್ಡಿಯಲ್ಲಿ ನಿಂತಿದ್ದಾನೆ.
ಸದ್ದು ಹೋಗಿ ಬಂಡೆಗೆ ತಾಗಿ ತಿರುಗಿ ಬಂತು.
ಒಂದೇ ಮಷಿನ್ನು.
ಇಷ್ಟು ಸಣ್ಣ ಸದ್ದೇ ಇದರದು?
ಇಷ್ಟು ವರ್ಷ
ಕೇಳಿಯೇ ಇರಲಿಲ್ಲ.