ಸಾಕು

ದಾವಣಗೆರೆಯ ಮೂರನೇ ಮಹಡಿಯಿಂದ
ಅರ್ಧ ಚೀಲ ಕಾಳುತಿಂಡಿ, ಒಂದು ಕೆಂಪು ಪಟ್ಟಿ,
ಸೂಜಿ ಹಾಕಿಸಿದ ಚೀಟಿಯ ಜೊತೆ ಬಂತು.
ಪಾರ್ಕಿನ ಮಕ್ಕಳನ್ನೆಲ್ಲ ಜಾರುಬಂಡೆಯ ಕೆಳಗೆ
ಒಂದೇ ಗುಂಪು ಮಾಡಿ ನಿಲ್ಲಿಸಿತ್ತಂತೆ
ಒಬ್ಬನೂ ಕದಲದ ಹಾಗೆ.
ಯಾರನ್ನೂ ಕಚ್ಚಿರಲಿಲ್ಲ.
ಆದರೂ ದೂರು ಹೋಗಿತ್ತು.

ಚೀಟಿಯಲ್ಲಿ ಹೆಸರು ಸ್ಟೆಲ್ಲಾ.
ಮೂಗಿನಿಂದ ಹಣೆಗೇರಿದ ಬಿಳಿಪಟ್ಟೆ ನೋಡಿ
ಜಡಿಯಪ್ಪ ಮಾವ
"ಅಡ್ಡ ಬಳಿಯೋದನ್ನ ಉದ್ದ ಬಳ್ದಾನೆ ಶಿವ" ಅಂದ.
ಅವತ್ತಿನಿಂದ ಈಬತ್ತಿ.

ಕೂರು ಅಂದರೆ ಕೂರದು. ಸಿಟ್ ಅಂದರೆ ಕೂರುತ್ತದೆ.
ನಮ್ಮ ಹಟ್ಟಿಯಲ್ಲಿ ಇಂಗ್ಲಿಷ್ ಬರುವವರು ಈಗ ಇಬ್ಬರು:
ಏಳನೇ ಕ್ಲಾಸಿನ ದುಗ್ಗಿ, ಮತ್ತೆ ಇದು.

ಮಾವನ ತಕರಾರು ಬೇರೆ.
"ಕುರಿನಾಯಿ ತೋಳದ ಕಡೆ ಮುಖ ಮಾಡ್ಬೇಕು,
ಇದು ಕುರಿ ಕಡೀಗೇ ಮಾಡ್ತೈತಲ್ಲ!"
ನಿಜ. ನಮ್ಮ ಕೆಂಚ ಮಂದೆಗೆ ಬೆನ್ನು ಕೊಟ್ಟು
ರಂಗಯ್ಯನದುರ್ಗದ ಕತ್ತಲು ನೋಡುತ್ತ ಮಲಗುತ್ತಾನೆ.
ಇದು ಕತ್ತಲಿಗೇ ಬೆನ್ನು ಕೊಡುತ್ತದೆ.

ಜಗಳೂರಿನ ದನದಾಸ್ಪತ್ರೆ ಕಾಂಪೌಂಡರ್
ಫೋನಿನಲ್ಲಿ ತೋರಿಸಿದ:
ಹಸಿರು ಗುಡ್ಡ, ಜಿನುಗು ಮಳೆ, ಟೋಪಿ ಹಾಕಿದ ಮುದುಕ,
ಒಂದು ಸೀಟಿಗೆ ನೆಲ ಕಚ್ಚುವ ನಾಯಿ.
ಅಲ್ಲಿ ಎಲ್ಲೂ ಒಂದು ಮುಳ್ಳು ಕಾಣಲಿಲ್ಲ.

ನಮ್ಮದು ಮೆಕ್ಕೆಜೋಳ ಮುರಿದ ಹೊಲ,
ಜಾಲಿಮುಳ್ಳಿನ ದೊಡ್ಡಿ, ಹೊತ್ತು ಹುಟ್ಟುವ ಮೊದಲು.
ಸಾಧು ಕುರಿ ನಾಲ್ಕು. ಐದನೆಯದು
ಮಾವ ಬೇಕಂತಲೇ ಸೇರಿಸಿದ ಮುದಿ ಗೌಡ್ತಿ,
ಟಗರಿಗೂ ದಾರಿ ಬಿಡದವಳು.

ಬಾವಿ ಹಗ್ಗ ಸಡಿಲಿಸಿದ್ದೇ ತಡ
ಐದು ಕುರಿ ಐದು ದಿಕ್ಕಿಗೆ.
ದಿಕ್ಕು ನಾಲ್ಕೇ ಅಂದುಕೊಂಡಿದ್ದೆ.
ಬಾಯಿ ತುಂಬ ಉಣ್ಣೆ ಕಚ್ಚಿ ಬಂದು ನಿಂತಿತು.
ಕೂಗಿದೆ. ಓಡಿತು. ಇನ್ನೂ ಕೂಗಿದೆ. ಇನ್ನೂ ಓಡಿತು.
ನನ್ನ ಗಂಟಲೇ
ಅದರ ಬಾಲಕ್ಕೆ ಕಟ್ಟಿದ ಡಬ್ಬಿ.

ನಾಲ್ಕನೇ ದಿನಕ್ಕೆ ಗಂಟಲು ಬಿತ್ತು,
ಒಳ್ಳೆಯದೇ ಆಯಿತು.
ನಾನು ಒಂದು ಹೆಜ್ಜೆ ಸರಿದರೆ
ಕುರಿಗಳ ಆಚೆ ಅದೂ ಒಂದು ಹೆಜ್ಜೆ,
ಅತ್ತೆ ಇದ್ದಾಗ ಬೀಸುಕಲ್ಲಿಗೆ
ನಾವಿಬ್ಬರೂ ಎದುರುಬದುರು ಕೂತ ಹಾಗೆ,
ಮಾತಿಲ್ಲ,
ಗೂಟ ಮಾತ್ರ ಕೈಯಿಂದ ಕೈಗೆ.
ಕೋಲು ಎತ್ತಬಾರದು. ಚಾಚಬೇಕು,
ಅರ್ಧ ಮುಚ್ಚಿದ ಬಾಗಿಲಿನಂತೆ.

ಒಂಬತ್ತನೇ ದಿನ ಗೌಡ್ತಿ ತಿರುಗಿ ನಿಂತಳು.
ಮುಂಗಾಲು ಕುಟ್ಟಿದಳು, ಧೂಳೆದ್ದಿತು.
ಈಬತ್ತಿ ಹೊಟ್ಟೆಯನ್ನು ಕೂಳೆಗೆ ಇಳಿಸಿ
ಒಂದು ಕಾಲು ಎತ್ತಿದ್ದು
ಎತ್ತಿದ ಹಾಗೇ.
ಗಾಳಿಗಿರಣಿಯ ರೆಕ್ಕೆಯ ನೆರಳು
ಅವಳ ಮೇಲೆ, ಇದರ ಮೇಲೆ, ನನ್ನ ಮೇಲೆ
ಹಾದು ಹೋಯಿತು. ಮತ್ತೆ ಬಂತು. ಮತ್ತೆ ಹೋಯಿತು.
ಬಾಯಿಗೆ ಬಂದದ್ದನ್ನು ಎಷ್ಟು ಸಲ ನುಂಗಿದೆನೋ.
ಕೊನೆಗೆ ಗೌಡ್ತಿ ಮೆಲುಕು ಹಾಕುತ್ತ
ತನಗೇ ಹೊಳೆದ ವಿಚಾರವೆಂಬಂತೆ
ಮುಖ ತಿರುಗಿಸಿ ಒಳಗೆ ನಡೆದಳು.
ಹಿಂದೆ ನಾಲ್ಕು.

ಇನ್ನು ನಾಯಿಯನ್ನು ಕರೆಯಬೇಕು.
ಪಕ್ಕೆಗಳು ತಿದಿ, ನಾಲಗೆ ನೆಲಕ್ಕೆ,
ಕಣ್ಣು ಮಾತ್ರ ಇನ್ನೂ ದೊಡ್ಡಿಯ ಕಂಡಿಯಲ್ಲಿ.
ಸಿಟ್ ಅಲ್ಲ, ಬಾ ಅಲ್ಲ.
ಏನು ಹೇಳಲಿ ಅಂತ ಯೋಚಿಸುವಷ್ಟರಲ್ಲಿ
ಬಿದ್ದ ಗಂಟಲಿಂದ ಬಂದದ್ದು: "ಸಾಕು."

ಕಣ್ಣು ಕಿತ್ತು ಬಂತು.
ಬಂದು ನನ್ನ ಮೊಣಕಾಲಿಗೆ ಒರಗಿತು, ಭಾರವಾಗಿ.

ಮಾವ ಬದುವಿನ ಮೇಲೆ ಬೀಡಿ ಹಚ್ಚುತ್ತ
"ಯಾವ ಸಾಕು ಅದು?
ನಿಲ್ಸು ಅಂತಲೋ, ಇಟ್ಕೋ ಅಂತಲೋ?"
ನಾನು ಮುಳ್ಳು ಎಳೆದು ಕಂಡಿ ಮುಚ್ಚಿದೆ.

ಮರುದಿನ ಬೆಳಿಗ್ಗೆ ಹಾಲವ್ವನ ಕೋಳಿ ಹನ್ನೊಂದೂ
ಟ್ರ್ಯಾಲಿ ಕೆಳಗೆ, ಒಂದೇ ಗುಂಪು,
ಒಂದೂ ಕದಲದ ಹಾಗೆ.
ಸಾಕು, ಅಂದೆ.
ಎರಡು ಸಲ ಹೇಳಬೇಕಾಯಿತು.